ಹಿಂದಿನ ಕೋಣೆಯ ಸ್ಪೀಕರ್

ಜನವರಿ 11

ತಮ್ಮಾ,

ಈಗ ಸಂಜೆ ಆರು ಗಂಟೆ. ಇವತ್ತು ಶಾಲೆಯ ಅಂಗಿಗಳು ಇಪ್ಪತ್ತೆರಡು ಮುಗಿದವು. ಎರಡರ ಕಾಲರು ತಿರುವುಮುರುವಾಗಿತ್ತು, ಬಿಚ್ಚಿ ಮತ್ತೆ ಹಾಕಿದೆ. ಮಧ್ಯಾಹ್ನ ಕೆಳಗಿನ ಸೈಕಲ್ ಅಂಗಡಿಯವನನ್ನು ಕರೆದು ಪುಟ್ಟಿಯ ಹಾಸಿಗೆಯನ್ನು ಬಿಸಿಲಿಗೆ ಹಾಕಿಸಿದೆ. ಅವಳು ಹೋಗಿ ಎಂಟು ವಾರವಾಯಿತು. ಹಾಸಿಗೆ ಎತ್ತಲು ಮನಸ್ಸು ಬಂದದ್ದು ಇವತ್ತು.

ಆರು ವರ್ಷದ ಮೇಲೆ ನಿನಗೆ ಬರೆಯುತ್ತಿದ್ದೇನೆ. ಅವಳು ಹೋದ ದಿನ ನೀನು ಬಂದೆ, ಮೆಟ್ಟಿಲ ಬಳಿ ನಿಂತೆ, ಸಂಜೆಯ ಬಸ್ಸಿಗೆ ಹೊರಟುಹೋದೆ. ಕೂತುಕೋ ಎಂದು ನಾನೂ ಹೇಳಲಿಲ್ಲ. ಅದನ್ನು ಮಾತಾಡಲು ಈ ಕಾಗದ ಬರೆದದ್ದಲ್ಲ. ನಿನ್ನ ಕಸುಬಿನ ಒಂದು ವಿಷಯ ಕೇಳಬೇಕು.

ಹಾಸಿಗೆಯ ಕೆಳಗೆ ಬಿಸ್ಕತ್ತಿನ ಡಬ್ಬಿ ಸಿಕ್ಕಿತು. ಗುಂಡಿ ಹಚ್ಚಿದ್ದಕ್ಕೆ, ಕಾಜ ಮಾಡಿದ್ದಕ್ಕೆ ನಾನು ವಾರವಾರ ಅವಳ ಕೈಗೆ ಕೊಡುತ್ತಿದ್ದದ್ದೆಲ್ಲ ಅದರಲ್ಲಿದೆ. ಆರು ಸಾವಿರದ ಚಿಲ್ಲರೆ. ಸೊಂಟದ ಕೆಳಗೆ ಅಲುಗಾಟವಿಲ್ಲದೆ ಹದಿನಾಲ್ಕು ವರ್ಷ ಮಲಗಿದ್ದವಳು ತನಗೆಂದು ಒಂದು ರಿಬ್ಬನ್ನನ್ನೂ ತರಿಸಿಕೊಂಡವಳಲ್ಲ. ದುಡ್ಡಿನ ಮೇಲೆ ಒಂದು ಚೀಟಿ ಇತ್ತು: "ಇದು ಸ್ಟೀರಿಯೋಗೆ. ಅಕ್ಕ ಬೇರೆ ಯಾವುದಕ್ಕೂ ಮುಟ್ಟಬಾರದು."

ನನ್ನನ್ನು ಎಷ್ಟು ಸರಿಯಾಗಿ ತಿಳಿದಿದ್ದಳು ನೋಡು. ಚೀಟಿ ಇಲ್ಲದಿದ್ದರೆ ನಾನು ಮಿಷನ್ನಿನ ಬೆಲ್ಟು ತರಿಸುತ್ತಿದ್ದೆ.

ಸ್ಟೀರಿಯೋ ನೀನು ಕೂಡಿಸಿಕೊಟ್ಟದ್ದೇ, ಈಗಲೂ ಹಾಗೆಯೇ ಇದೆ. ಮುಂದಿನ ಕೋಣೆಯಲ್ಲಿ ರೆಕಾರ್ಡು ತಿರುಗಿಸುವ ಪೆಟ್ಟಿಗೆ, ಆಂಪ್ಲಿಫೈಯರ್, ಒಂದು ಸ್ಪೀಕರ್. ಅಡುಗೆಮನೆಯ ಗೋಡೆಗುಂಟ ನೀನು ಎಳೆದ ಉದ್ದ ವೈರಿನ ತುದಿಯಲ್ಲಿ, ಹಿಂದಿನ ಕೋಣೆಯಲ್ಲಿ, ಪುಟ್ಟಿಯ ತಲೆದೆಸೆಗೆ ಇನ್ನೊಂದು. ಈಚೆಗೆ ಹಾಡು ಗೊರಗೊರ ಎನ್ನುತ್ತದೆ. ಈ ದುಡ್ಡಿನೊಳಗೆ ಮೊದಲು ಏನನ್ನು ಬದಲಿಸಬೇಕು, ಏನನ್ನು ಬಿಡಬಹುದು, ಬರೆ. ಅವಳ ದುಡ್ಡು ತಪ್ಪು ಜಾಗಕ್ಕೆ ಹೋಗಬಾರದು. ನನಗೆ ಬೇಕಾದದ್ದು ಅಷ್ಟೇ.

ನಿನಗೆ ತಿಳಿಸದ ಒಂದು ಮಾತೂ ಇದೆ. ಕೊನೆಯ ವರ್ಷ ಪುಟ್ಟಿಯ ತಲೆ ಸ್ವಲ್ಪ ಸರಿಯಿರಲಿಲ್ಲ. ಒಂದು ರೆಕಾರ್ಡಿನಲ್ಲಿ ಇಲ್ಲದ ಕೊಳಲು ಇದೆ ಎನ್ನುತ್ತಿದ್ದಳು. ಡಾಕ್ಟರು ಗುಳಿಗೆ ಬರೆದರು. ಆಮೇಲೆ ಕೊಳಲಿನ ಮಾತು ನಿಂತಿತು.

ಉತ್ತರ ಬರೆದರೆ ಸಂತೋಷ. ಬರೆಯದಿದ್ದರೂ ದೂರುವುದಿಲ್ಲ.

ಅಕ್ಕ


ಜನವರಿ 29

ಅಕ್ಕಾ,

ನಿನ್ನ ಕಾಗದ ಬಂದು ಎರಡು ವಾರವಾಯಿತು. ಅಂಗಡಿಯಲ್ಲಿ ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೂರು ಸಲ ಬರೆಯಲು ಕೂತು ಎದ್ದೆ.

ನನ್ನ ಅಂಗಡಿಗೆ ಬರುವವರೆಲ್ಲ ಮೊದಲು ಕೇಳುವುದು ಹೊಸ ಆಂಪ್ಲಿಫೈಯರನ್ನು. ಹೊಳೆಯುತ್ತದೆ, ದೀಪ ಹತ್ತುತ್ತದೆ, ನೆಂಟರು ಬಂದಾಗ ತೋರಿಸಬಹುದು. ಅದು ಎಲ್ಲಕ್ಕಿಂತ ಕೊನೆಗೆ. ನಿನ್ನದು ಹಳೆಯದಾದರೂ ಗಟ್ಟಿ, ಅದರ ತಂಟೆಗೆ ಹೋಗಬೇಡ. ರೆಕಾರ್ಡನ್ನು ಮುಟ್ಟುವುದು ಮುಳ್ಳೊಂದೇ. ಅದು ಸವೆದಿದ್ದರೆ ಮುಂದಿನದೆಲ್ಲ ದಂಡ. ಮೊಂಡು ಕತ್ತರಿಯಲ್ಲಿ ಬಟ್ಟೆ ಕತ್ತರಿಸಿ, ಆಮೇಲೆ ಇಸ್ತ್ರಿ ಹಾಕಿ ಅಂಚು ನೆಟ್ಟಗೆ ಮಾಡುತ್ತೇನೆ ಎಂದರೆ ನೀನು ಒಪ್ಪುತ್ತೀಯಾ? ಆದ್ದರಿಂದ ಮೊದಲು ಮುಳ್ಳು. ಅದನ್ನು ನಾನೇ ಕಳಿಸುತ್ತೇನೆ, ದುಡ್ಡನ್ನು ಆ ಡಬ್ಬಿಯಿಂದಲೇ ಕಳಿಸು. ಅಗ್ಗದ್ದೂ ಬೇಡ, ತೀರ ದುಬಾರಿಯದೂ ಬೇಡ, ನಡುವಿನದು ಒಂದಿದೆ.

ಆಮೇಲೆ ಮುಂದಿನ ಕೋಣೆಯ ಸ್ಪೀಕರ್. ಬಟ್ಟೆಯ ಮುಸುಕು ತೆಗೆದು, ಒಳಗಿನ ಕಪ್ಪು ಕಾಗದವನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ ನೋಡು. ಅಂಚು ಬಿರಿದಿದ್ದರೆ ಹೊಸ ಸ್ಪೀಕರ್ ಬೇಕಿಲ್ಲ, ಕಾಗದ ಹೊಸದು ಹಾಕಿಸಿದರೆ ಸಾಕು. ಹಿಂದಿನ ಕೋಣೆಯದು ಅಲ್ಲೇ ಇರಲಿ. ಅದನ್ನು ಅಲುಗಿಸಬೇಡ.

ಚಿಕ್ಕಕ್ಕನ ಚೀಟಿಯ ಮಾತು ಓದಿ ನಗು ಬಂತು. ಆಮೇಲೆ ಅಂಗಡಿಯ ಬಾಗಿಲು ಹಾಕಬೇಕಾಯಿತು.

ಕೊಳಲು ಎಂದೆಯಲ್ಲ, ಆ ರೆಕಾರ್ಡಿನ ಹೊದಿಕೆಯ ಮೂಲೆಯಲ್ಲಿ ಸ್ಟೀರಿಯೋ ಎಂದು ಅಚ್ಚು ಹಾಕಿದೆಯೇ ನೋಡು. ಸುಮ್ಮನೆ ಕೇಳಿದೆ.

ತಮ್ಮ


ಫೆಬ್ರವರಿ 6

ತಮ್ಮಾ,

ಬೆಳಗಿನ ಹತ್ತು ಗಂಟೆ. ಕರೆಂಟು ಹೋಗಿದೆ, ಇಸ್ತ್ರಿ ಹಾಕುವ ಹಾಗಿಲ್ಲ, ಅದಕ್ಕೇ ಬರೆಯಲು ಕೂತೆ. ಬೆಳಗ್ಗೆ ಒಬ್ಬ ಗಿರಾಕಿ ಮಗನ ಪ್ಯಾಂಟು ತಂದು, "ಹೋದ ತಿಂಗಳೇ ಹೊಲಿಸಿದ್ದು, ಆಗ್ಲೇ ಗಿಡ್ಡ ಆಗಿದೆ" ಎಂದಳು. "ಪ್ಯಾಂಟು ಗಿಡ್ಡ ಆಗಿಲ್ಲಮ್ಮ, ಹುಡುಗ ಉದ್ದ ಆಗಿದಾನೆ" ಎಂದೆ. ಪುಟ್ಟಿ ಇದ್ದಿದ್ದರೆ ಒಳಗಿನಿಂದ ನಗು ಕೇಳಿಸುತ್ತಿತ್ತು.

ನೋಡಿದೆ. ಹೌದು, ಆ ಒಂದು ರೆಕಾರ್ಡಿನ ಮೂಲೆಯಲ್ಲಿ ಸ್ಟೀರಿಯೋ ಎಂದಿದೆ. ನಮ್ಮ ಹಳೆಯ ರೆಕಾರ್ಡು ಯಾವುದರ ಮೇಲೂ ಇಲ್ಲ. ಅದು ನಮ್ಮದಲ್ಲ. ಎರಡು ವರ್ಷದ ಹಿಂದೆ ಎದುರು ಮನೆಯ ಪೋಸ್ಟ್ ಮಾಸ್ತರರು ಮನೆ ಬದಲಾಯಿಸುವಾಗ ಕೊಟ್ಟದ್ದು. ಒಬ್ಬಳು ಹೆಂಗಸು ಹಾಡುತ್ತಾಳೆ. ದೋಣಿ ಕಾಯುತ್ತಾ ದಡದಲ್ಲಿ ನಿಂತವಳ ಹಾಡು.

ನಮ್ಮ ಮನೆಯ ಹಾಡಿನ ಹೊತ್ತು ನಿನಗೆ ಗೊತ್ತೇ ಇದೆ. ನಾಲ್ಕರಿಂದ ಐದು. ಮಹಡಿಯ ನೆಲ ಮರದ ಹಲಗೆಯದು, ಒಂದು ಹೆಜ್ಜೆ ಇಟ್ಟರೆ ಮುಳ್ಳು ಹಾರುತ್ತದೆ, ಮಿಷನ್ ತುಳಿದರಂತೂ ಕೇಳುವುದೇ ಬೇಡ. ಹಾಗಾಗಿ ಹಾಡು ನಡೆಯುವಾಗ ಯಾರೂ ನಡೆಯಬಾರದು ಎಂದು ಕಟ್ಟುಮಾಡಿಕೊಂಡಿದ್ದೆವು. ಮುಳ್ಳು ಇಟ್ಟವಳು ನಾನು, ಅಲ್ಲೇ ಪೆಟ್ಟಿಗೆಯ ಪಕ್ಕ ಕೂತು ಅಂಚು ಹೊಲಿಯುವುದು. ಅವಳು ಅವಳ ಕೋಣೆಯಲ್ಲಿ ಗುಂಡಿ ಹಚ್ಚುವುದು. ಅವಳಿಗೆ ಗಾಳಿ ತಾಗಬಾರದೆಂದು ಬಾಗಿಲು ಮುಚ್ಚಿರುತ್ತಿತ್ತು. ಗಿರಾಕಿಗಳು ಬಂದರೂ ಮೆಟ್ಟಿಲ ಮೇಲೆ ನಿಂತು, ಹಾಡು ಮುಗಿಯಿತೇ ಎಂದು ಕೇಳಿ ಮೇಲೆ ಬರುತ್ತಿದ್ದರು.

ಆ ರೆಕಾರ್ಡು ಬಂದ ಮೇಲೆ ಅವಳಿಗೆ ಅದೇ ಆಯಿತು. ಸಂಜೆ ಹಾಸಿಗೆಯ ಬಟ್ಟೆ ಬದಲಿಸುವಾಗ ಹೇಳುವಳು: "ಅವಳು ಕೇಳ್ತಾಳೆ, ಕೊಳಲು ಉತ್ತರ ಹೇಳುತ್ತೆ. ಎಷ್ಟು ಚೆನ್ನಾಗಿ ಮಾತಾಡ್ಕೋತಾರೆ ಅಲ್ವಾ ಅಕ್ಕ?"

"ಯಾವ ಕೊಳಲೇ? ಹಾಡೋಳು ಒಬ್ಬಳು, ಡೋಲು ಬಾರಿಸೋನು ಒಬ್ಬ. ಮೂರನೆಯವನು ನಿನ್ನ ದಿಂಬಿನ ಕೆಳಗಿದಾನಾ?"

"ಇದ್ರೂ ಇರಬಹುದು. ನಿನಗೆ ಹೇಳ್ತೀನಾ?"

ಮೊದಮೊದಲು ಹೀಗೆ ತಮಾಷೆಯಾಗಿತ್ತು. ಆಮೇಲೆ ನನಗೆ ಹೆದರಿಕೆಯಾಯಿತು. ಕೊನೆಯಲ್ಲಿ ಕೊಳಲಿನವನ ಉಸಿರು ಸಾಲುವುದಿಲ್ಲ, ಪಾಪ, ಎಂದೆಲ್ಲ ಹೇಳತೊಡಗಿದಳು. ವರ್ಷಗಟ್ಟಲೆ ಒಂದೇ ಗೋಡೆ ನೋಡುತ್ತಾ ಮಲಗಿದವರಿಗೆ ಹೀಗಾಗುತ್ತದೆ ಎಂದು ಯಾರೋ ಹೇಳಿದ್ದರು. ಡಾಕ್ಟರು ಬಂದ ದಿನ ಮೆಟ್ಟಿಲಲ್ಲೇ ತಡೆದು ಹೇಳಿದೆ. ಅವರು ಒಳಗೆ ಬಂದು ಕೇಳಿದರು, "ಕೊಳಲು ಎಲ್ಲಿಂದ ಕೇಳಿಸುತ್ತಮ್ಮ ನಿನಗೆ?" ಅವಳು ತಲೆದೆಸೆಯ ಸ್ಪೀಕರ್ ತೋರಿಸಿ, "ಅದರೊಳಗಿಂದ" ಎಂದಳು. ಡಾಕ್ಟರು ನನ್ನ ಕಡೆ ನೋಡಿದರು. ನಾನು ತಲೆ ಅಲ್ಲಾಡಿಸಿದೆ.

ರಾತ್ರಿ ಒಂದು, ಮಧ್ಯಾಹ್ನ ಅರ್ಧ ಗುಳಿಗೆ. ಎಂಟು ತಿಂಗಳು ತೆಗೆದುಕೊಂಡಳು. ಹಾಡಿನ ಹೊತ್ತಿಗೆ ನಿದ್ದೆಯಲ್ಲಿರುತ್ತಿದ್ದಳು.

ಸ್ಪೀಕರಿನ ಕಾಗದ ಒತ್ತಿ ನೋಡಿದೆ. ಒಂದು ಕಡೆ ಬಿರಿದಿದೆ.

ನಿನ್ನ ಮುಳ್ಳಿಗಾಗಿ ಕಾಯುತ್ತಾ,
ಅಕ್ಕ


ಮಾರ್ಚ್ 14

ತಮ್ಮಾ,

ಮಧ್ಯಾಹ್ನ ಮೂರು ಗಂಟೆ. ಇವತ್ತು ಪರದೆಗಳ ಕೆಲಸ, ಹೋಟೆಲಿನವರದ್ದು, ಹತ್ತು ಜೊತೆ. ನೇರ ಹೊಲಿಗೆ, ತಲೆಗೆ ಕೆಲಸವಿಲ್ಲ. ತಲೆಗೆ ಕೆಲಸವಿಲ್ಲದ ದಿನ ಕಷ್ಟ.

ಮುಳ್ಳಿನ ಪಾರ್ಸೆಲ್ಲು ಬಂದು ಮೂರು ವಾರವಾಯಿತು. ಒಳಗೆ ಒಂದು ಸಾಲೂ ಇರಲಿಲ್ಲ. ಹತ್ತಿಯನ್ನೆಲ್ಲ ಬಿಡಿಸಿ ಹುಡುಕಿದೆ. ನನ್ನ ಕಾಗದದಲ್ಲಿ ನಿನಗೆ ಬೇಸರವಾಗುವಂಥದ್ದೇನಾದರೂ ಇತ್ತೇ? ಇದ್ದರೆ ಹೇಳು. ಆರು ವರ್ಷದ ಹಿಂದಿನ ಮಾತಿಗೆ ಮತ್ತೆ ಹೋಗುವುದು ನನಗೂ ಬೇಡ.

ಮುಳ್ಳು ಹಾಕಿದೆ. ಗೊರಗೊರ ಹೋಯಿತು. ಹಾಡುವವಳು ಉಸಿರು ಎಳೆದುಕೊಳ್ಳುವುದೂ ಕೇಳುತ್ತದೆ. ನೀನು ಹೇಳಿದ್ದು ಸರಿ, ಅವಳ ದುಡ್ಡಿನ ಮೊದಲ ಖರ್ಚು ಸಾರ್ಥಕವಾಯಿತು.

ಆದರೆ ಹೊಸ ಮುಳ್ಳು ಹಳೆಯದಕ್ಕಿಂತ ಸೂಕ್ಷ್ಮ, ನಾನು ಕಾಲು ಮಡಚಿ ಕೂತರೂ ಹಾರುತ್ತದೆ. ಮೊನ್ನೆ ಕೋಟಿನ ಅಳತೆ ಕೊಡಲು ಬಂದ ಬಡಗಿ ನೋಡಿ, "ನೆಲದ ಮೇಲೆ ಯಾಕಕ್ಕ ಇಟ್ಟಿದೀರಿ? ಗೋಡೆಗೆ ಎರಡು ಕೊಕ್ಕೆ ಹೊಡೆದು ಹಲಗೆ ಕೂರಿಸ್ತೀನಿ. ಆಮೇಲೆ ನೀವು ಕುಣಿದ್ರೂ ಅಲ್ಲಾಡಲ್ಲ" ಎಂದ. ಕುಣಿಯುವ ವಯಸ್ಸಲ್ಲ ನನ್ನದು. ಆದರೂ ಹಲಗೆ ಹಾಕಿಸಲೇ? ಅವನು ಕೇಳುವುದು ಕೋಟಿನ ಕೂಲಿಯಷ್ಟೇ.

ಅಕ್ಕ


ಮಾರ್ಚ್ 22

ಅಕ್ಕಾ,

ನಿನ್ನ ಮೇಲೆ ಬೇಸರವಿಲ್ಲ. ಹಾಗೆ ತಿಳಿಯಬೇಡ.

ಹಲಗೆ ಬೇಡ. ಹಳೆಯ ಗೋಡೆಗೆ ಮೊಳೆ ಹೊಡೆದರೆ ಗಾರೆ ಉದುರುತ್ತದೆ. ಪೆಟ್ಟಿಗೆಯ ನಾಲ್ಕು ಕಾಲಿನ ಕೆಳಗೆ ಸೈಕಲ್ ಟ್ಯೂಬಿನ ತುಂಡು ಇಡು, ಕೆಳಗಿನವನು ಪುಕ್ಕಟೆ ಕೊಡುತ್ತಾನೆ. ಉಳಿದ ದುಡ್ಡು ಸ್ಪೀಕರಿನ ಕಾಗದಕ್ಕೆ ಇರಲಿ. ಆ ರೆಕಾರ್ಡನ್ನೂ ಬಹಳ ತಿರುಗಿಸಬೇಡ, ಬೇರೆಯವನ್ನು ಹಾಕು.

ಇದು ಅಂಗಡಿಯವನ ಮಾತು ಎಂದು ಕೇಳು.

ತಮ್ಮ


ಏಪ್ರಿಲ್ 9

ತಮ್ಮಾ,

ಸಂಜೆ ಏಳು ಗಂಟೆ. ಇವತ್ತು ಏನೂ ಹೊಲಿಯಲಿಲ್ಲ. ನಿನ್ನೆಯೂ ಇಲ್ಲ. ಬಾಗಿಲಿಗೆ ಬಂದವರಿಗೆ ಮಿಷನ್ ಕೆಟ್ಟಿದೆ ಎಂದೆ.

ನಿನ್ನ ಕಾಗದ ಬರುವ ಮೊದಲೇ ಬಡಗಿಗೆ ಹಲಗೆಗೆ ಹೇಳಿಯಾಗಿತ್ತು. ಅವನು ಸೋಮವಾರ ಬಂದು ಕೂರಿಸಿದ. ಗಾರೆ ಒಂದು ಚೂರೂ ಉದುರಲಿಲ್ಲ.

ನಾಲ್ಕು ಗಂಟೆಗೆ ಆ ರೆಕಾರ್ಡು ಹಾಕಿ, ಅಭ್ಯಾಸದಂತೆ ಪಕ್ಕದಲ್ಲೇ ಕೂತೆ. ಒಲೆಯ ಮೇಲೆ ಹಾಲು ಇಟ್ಟದ್ದು ಮರೆತಿತ್ತು. ಸೀದ ವಾಸನೆ ಬಂತು, ಧಡಕ್ಕನೆ ಎದ್ದು ಓಡಿದೆ. ಒಲೆ ಆರಿಸಿದ ಮೇಲೆ ನೆನಪಾಯಿತು, ಮುಳ್ಳು ಹಾರಿರಬೇಕು ಎಂದು. ಕಿವಿಗೊಟ್ಟರೆ ಹಾಡು ನಡೆಯುತ್ತಲೇ ಇತ್ತು. ಈ ಮನೆಯಲ್ಲಿ ಹಾಡು ನಡೆಯುವಾಗ ನಾನು ನಡೆದದ್ದು ಅದೇ ಮೊದಲು. ಒಲೆ ಒರೆಸಲು ಹಳೆಯ ಬಟ್ಟೆ ಬೇಕಿತ್ತು. ಪುಟ್ಟಿಯ ಕೋಣೆಯಲ್ಲಿ ತುಂಡುಬಟ್ಟೆಯ ಗಂಟು ಇದೆ. ಬಾಗಿಲು ತೆಗೆದೆ.

ಕೋಣೆಯ ತುಂಬ ಕೊಳಲು.

ನಾನು ಅವಳ ಮಂಚದ ಮೇಲೆ ಕೂತೆ. ಹಾಡುವವಳು ಒಂದು ಸಾಲು ಕೇಳುತ್ತಾಳೆ, ಕೊಳಲು ಉತ್ತರ ಹೇಳುತ್ತದೆ. ಮತ್ತೊಂದು ಕೇಳುತ್ತಾಳೆ, ಅದು ಸ್ವಲ್ಪ ತಡೆದು ಹೇಳುತ್ತದೆ. ಕೊನೆಯಲ್ಲಿ ಕೊಳಲಿನವನ ಉಸಿರು ನಿಜಕ್ಕೂ ಸಾಲುವುದಿಲ್ಲ. ಪುಟ್ಟಿ ಹೇಳಿದ್ದರಲ್ಲಿ ಒಂದು ಅಕ್ಷರವೂ ಹೆಚ್ಚಿರಲಿಲ್ಲ.

ನಾಲ್ಕು ಸಲ ಹಾಕಿದೆ. ಮುಂದೆ ಹೋಗಿ ಕೇಳಿದೆ, ಹಿಂದೆ ಬಂದು ಕೇಳಿದೆ. ಮುಂದಿನ ಕೋಣೆಯಲ್ಲಿ ಹಾಡುವವಳು ಮತ್ತು ಡೋಲು. ಕೊಳಲಿನ ಜಾಗದಲ್ಲಿ ಡೋಲೊಂದೇ ನಡೆಯುತ್ತದೆ. ಹಿಂದಿನ ಕೋಣೆಯಲ್ಲಿ ಹಾಡುವವಳು ಮತ್ತು ಕೊಳಲು. ಅಲ್ಲಿ ಡೋಲು ಇಲ್ಲವೇ ಇಲ್ಲ.

ಅಂದರೆ ನಾನು ಡೋಲು ಡೋಲು ಎನ್ನುತ್ತಿದ್ದಾಗ ಅವಳಿಗೆ ಡೋಲು ಕೇಳಿಸಿಯೇ ಇರಲಿಲ್ಲ. ಅವಳು ನಕ್ಕು ಸುಮ್ಮನಾಗುತ್ತಿದ್ದಳು. ಅಕ್ಕನ ತಲೆ ಸರಿಯಿಲ್ಲ ಎಂದು ಯಾರಿಗೂ ಹೇಳಲಿಲ್ಲ.

ಒಂದು ದಿನ ಕರೆದಿದ್ದಳು ಕೂಡ. "ಅಕ್ಕ, ಒಂದ್ಸಲ ಇಲ್ಲಿ ಬಂದು ಕೂತ್ಕೊಂಡು ಕೇಳು."

"ನಾನು ಎದ್ರೆ ಮುಳ್ಳು ಹಾರುತ್ತೆ ಕಣೇ."

"ಬೇರೆ ಯಾರಾದ್ರೂ ಮುಳ್ಳು ಇಡಲಿ. ಸೈಕಲ್ ಅಂಗಡಿಯವನನ್ನ ಕರೆದ್ರೆ ಬರಲ್ವಾ?"

"ಊರೋರನ್ನೆಲ್ಲ ಕರೆದು ನಿನ್ನ ಕೊಳಲು ಕೇಳಿಸ್ಲಾ?" ಎಂದುಬಿಟ್ಟೆ. ಮತ್ತೆ ಕರೆಯಲಿಲ್ಲ.

ಗುಳಿಗೆ ಮೊದಲ ದಿನ ಕೊಟ್ಟಾಗ ಬೇಡ ಎನ್ನಲಿಲ್ಲ. "ನಿನಗೆ ಸಮಾಧಾನ ಆಗುತ್ತೆ ಅಂದ್ರೆ ತಗೋತೀನಿ" ಎಂದಳು. ತಿಂಗಳ ಮೇಲೆ ನಾನು ಕೇಳಿದೆ, ಈಗಲೂ ಕೇಳಿಸುತ್ತಾ ಎಂದು. "ಇಲ್ಲಕ್ಕ, ಈಗಿಲ್ಲ" ಎಂದಳು. ನಾನು ಸಂತೋಷಪಟ್ಟೆ. ಗುಳಿಗೆಯ ನಿದ್ದೆಯಲ್ಲಿ ಮಗ್ಗುಲು ಬದಲಿಸಲು ಹೇಳುವುದನ್ನೂ ಬಿಟ್ಟಳು, ಕೆಮ್ಮು ಬಂದರೆ ಕೆಮ್ಮಿ ಹೊರಹಾಕುವ ಶಕ್ತಿ ಇರಲಿಲ್ಲ. ಎದೆಯಲ್ಲಿ ಕಫ ಕಟ್ಟಿ ಹೋದಳು. ಇದಕ್ಕೂ ಅದಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗೆ ಗೊತ್ತಿಲ್ಲ. ಓದಿದವಳಲ್ಲ.

ನಿನ್ನ ಕಾಗದಗಳನ್ನು ತೆಗೆದು ಮತ್ತೆ ಓದಿದೆ. ಮೂಲೆಯಲ್ಲಿ ಸ್ಟೀರಿಯೋ ಎಂದಿದೆಯೇ ನೋಡು. ಹಿಂದಿನ ಸ್ಪೀಕರ್ ಅಲುಗಿಸಬೇಡ. ಹಲಗೆ ಬೇಡ. ಆ ರೆಕಾರ್ಡನ್ನು ತಿರುಗಿಸಬೇಡ.

ನಿನಗೆ ಗೊತ್ತಿತ್ತೇ?

ಅಕ್ಕ


ಏಪ್ರಿಲ್ 13

ಅಕ್ಕಾ,

ಗೊತ್ತಿತ್ತು. ನಿನ್ನ ಮೊದಲ ಕಾಗದದ ಕೊನೆಗೆ ಬಂದಾಗಲೇ.

ನನ್ನ ಅಂಗಡಿಗೆ ಯಾವ ಗಿರಾಕಿ ಬಂದು ಎರಡು ಸ್ಪೀಕರನ್ನು ಎರಡು ಕೋಣೆಯಲ್ಲಿ ಇಟ್ಟಿದ್ದೇನೆ ಎಂದರೂ ಮೊದಲ ಮಾತು ಅದನ್ನೇ ಹೇಳುತ್ತಿದ್ದೆ: ಏನನ್ನೂ ಕೊಳ್ಳಬೇಡಿ, ಎರಡನ್ನೂ ಒಂದೇ ಕೋಣೆಗೆ ತನ್ನಿ, ಎದುರಿಗೆ ಕೂತು ಕೇಳಿ. ಕಾಸು ಖರ್ಚಿಲ್ಲದ ರಿಪೇರಿ ಅದು. ಸ್ಟೀರಿಯೋ ಎಂದು ಬರೆದ ರೆಕಾರ್ಡಿನಲ್ಲಿ ಹಾಡನ್ನು ಎರಡು ಪಾಲು ಮಾಡಿರುತ್ತಾರೆ. ಕೆಲವು ವಾದ್ಯ ಈ ಕಡೆ, ಕೆಲವು ಆ ಕಡೆ, ಹಾಡುವವರು ನಡುವೆ. ಹಳೆಯವುಗಳಲ್ಲಿ ಅಂಗಿಯನ್ನು ಬೆನ್ನಮೇಲೆ ಸೀಳಿದ ಹಾಗೆ ಸರಿಯಾಗಿ ಎರಡು ಪಾಲು. ನಮ್ಮ ಮನೆಯ ಹಳೆಯ ರೆಕಾರ್ಡುಗಳು ಹಾಗಲ್ಲ, ಎರಡೂ ಕಡೆ ಒಂದೇ ಹಾಡು. ನಾನು ವೈರು ಎಳೆದಾಗ ಅವಷ್ಟೇ ಇದ್ದವು. ಯಾರಿಗೂ ಏನೂ ತಪ್ಪುತ್ತಿರಲಿಲ್ಲ.

ಇನ್ನೊಂದು ಹೇಳಬೇಕು. ಹೇಳದಿದ್ದರೆ ಈ ಕಾಗದ ಬರೆದೂ ಪ್ರಯೋಜನವಿಲ್ಲ. ಆಂಪ್ಲಿಫೈಯರಿನ ಮುಂದೆ ಧ್ವನಿಯ ತಿರುಗಣಿಯ ಬಲಗಡೆ ಪಟ್ಟಿ ಅಂಟಿಸಿದೆ ನೋಡು. ಅಂಟಿಸಿದವನು ನಾನು. ಪಟ್ಟಿಯ ಅಡಿಯಲ್ಲಿ ಒಂದು ಸಣ್ಣ ಸ್ವಿಚ್ಚಿದೆ. ಅದನ್ನು ಒತ್ತಿದರೆ ಎರಡು ಪಾಲೂ ಕೂಡಿ ಎರಡು ಸ್ಪೀಕರಿನಲ್ಲೂ ಪೂರ್ತಿ ಹಾಡು ಬರುತ್ತದೆ. ನಮ್ಮ ಕಸುಬಿನವರಿಗೆ ಅದೊಂದು ಚಾಳಿ. ಮನೆಯವರು ಏನಾದರೂ ಒತ್ತಿ, ಕೆಟ್ಟಿತು ಎಂದು ಮತ್ತೆ ಕರೆಯುತ್ತಾರೆಂದು ಬೇಡದ ಸ್ವಿಚ್ಚಿಗೆಲ್ಲ ಪಟ್ಟಿ ಹಾಕಿಬಿಡುತ್ತೇವೆ. ಧ್ವನಿಯದೊಂದು ಬಿಟ್ಟು ಬೇರೆ ಮುಟ್ಟಬೇಡ ಎಂದು ಗದರಿದ್ದೆ ನಿನ್ನನ್ನು. ನೀನು ಮುಟ್ಟಲಿಲ್ಲ. ನಾನು ಬಂದು ಹೋಗುತ್ತಿದ್ದರೆ, ಆ ರೆಕಾರ್ಡು ಬಂದ ವಾರವೇ ಪಟ್ಟಿ ಕಿತ್ತು ಒತ್ತುತ್ತಿದ್ದೆ. ಬರಲಿಲ್ಲ.

ಆರು ವರ್ಷದ ಹಿಂದೆ ನಾನಿರುವ ಊರಿನ ಆರೈಕೆ ಮನೆಯಲ್ಲಿ ಅವಳಿಗೆ ಜಾಗ ನೋಡಿ ಬಂದೆ. ನೀನು, "ಮನೆಯೋಳನ್ನ ಎತ್ತಿ ಬಿಸಾಕೋಕೆ ಬಂದ್ಯಾ?" ಎಂದೆ. ನಾನು, "ನೀನು ಅವಳ ಜೈಲರು" ಎಂದೆ. ಆ ಮಾತು ಆಡಿದವನು ನಾನು. ನಿನ್ನ ಮೊದಲ ಕಾಗದ ಓದಿದಾಗ, ಈಗ ನಿಜ ಬರೆದರೆ ಅದೇ ಮಾತನ್ನು ಎರಡನೇ ಸಲ ಆಡಿದ ಹಾಗಾಗುತ್ತದೆ ಎನ್ನಿಸಿತು. ಅದಕ್ಕೇ ಮುಳ್ಳು, ಕಾಗದ, ಟ್ಯೂಬು ಎಂದು ಸುತ್ತಿದೆ. ನೀನು ಆ ಕೋಣೆಯಲ್ಲಿ ಆ ಹಾಡು ಕೇಳದೆ ಇದ್ದುಬಿಟ್ಟರೆ ಸಾಕು ಎಂದುಕೊಂಡೆ.

ಅವತ್ತು ನಾವಿಬ್ಬರೂ ಮುಂದಿನ ಕೋಣೆಯಲ್ಲಿ ನಿಂತು ಜಗಳವಾಡಿದೆವು. ಅವಳು ಒಳಗೆ ಎಚ್ಚರವಾಗಿಯೇ ಇದ್ದಳು. ಎಲ್ಲಿರಲು ಇಷ್ಟ ಎಂದು ನಾನೂ ಒಳಗೆ ಹೋಗಿ ಅವಳನ್ನು ಕೇಳಲಿಲ್ಲ.

ಗುಳಿಗೆಯ ವಿಷಯ ನನಗೂ ತಿಳಿಯದು. ತಿಳಿದವರು ಹೇಳಿದರೂ ನೀನು ನಂಬುತ್ತೀಯೋ ಇಲ್ಲವೋ. ನಾನು ಮೇ ಮೂರರ ಶನಿವಾರ ಬರುತ್ತೇನೆ. ಸ್ಪೀಕರಿನ ಕಾಗದ ತರುತ್ತೇನೆ. ಬೇಡ ಎಂದರೂ ಬರುತ್ತೇನೆ.

ತಮ್ಮ


ಏಪ್ರಿಲ್ 29

ತಮ್ಮಾ,

ಸಂಜೆ ಐದೂವರೆ. ಬೆಳಗ್ಗೆ ಶಾಲೆಯವರಿಗೆ ಉಳಿದ ಅಂಗಿ ಕೊಟ್ಟುಬಂದೆ. ಗುಂಡಿಗಳನ್ನು ಈಗ ನಾನೇ ಹಚ್ಚುತ್ತೇನೆ. ಅವಳ ಹಾಗೆ ಗುಂಡಿಯ ಕೆಳಗೆ ದಾರದ ಕುತ್ತಿಗೆ ಸುತ್ತಿ ಬಿಗಿಯಲು ಬರುವುದಿಲ್ಲ, ಜೋಲುತ್ತವೆ. ಎಣಿಸಿಕೊಂಡ ಮೇಷ್ಟ್ರು ಒಂದನ್ನು ಎಳೆದು ನೋಡಿ ಇಟ್ಟರು.

ನಿನ್ನ ಕಾಗದಕ್ಕೆ ಹದಿನೈದು ದಿನ ಉತ್ತರ ಬರೆಯಲಾಗಲಿಲ್ಲ. ಸಿಟ್ಟಿತ್ತು. ಮುಚ್ಚಿಟ್ಟದ್ದಕ್ಕಲ್ಲ. ಗೊತ್ತಿದ್ದವನು ನೀನು, ದೂರದಲ್ಲಿ ಕೂತು ಮೂರು ತಿಂಗಳು ನನ್ನನ್ನು ಪಾಪ ಎಂದುಕೊಂಡೆಯಲ್ಲ, ಅದಕ್ಕೆ. ಆಮೇಲೆ ಯೋಚಿಸಿದೆ. ನಾನೂ ಪುಟ್ಟಿಯನ್ನು ಹಾಗೆಯೇ ಪಾಪ ಎಂದುಕೊಂಡಿದ್ದೆ. ಈ ಮನೆಯವರಿಗೆ ಅದೊಂದು ರೋಗ. ಕೇಳುವುದಿಲ್ಲ, ಪಾಪ ಎಂದುಕೊಂಡು ಏನೋ ಒಂದು ಮಾಡಿಬಿಡುತ್ತೇವೆ.

ಪಟ್ಟಿ ಕಿತ್ತು ಸ್ವಿಚ್ಚು ಒತ್ತಿದೆ. ಮುಂದಿನ ಕೋಣೆಯಲ್ಲೂ ಕೊಳಲು ಬಂತು. ಒಂದು ಬೆರಳಿನ ಕೆಲಸ. ಅರ್ಧ ಹಾಡು ಕೇಳಿ ಮತ್ತೆ ಮೊದಲಿನಂತೆ ಮಾಡಿದೆ. ಆಮೇಲೆ ನನ್ನ ಸ್ಪೀಕರನ್ನೂ ಆಂಪ್ಲಿಫೈಯರನ್ನೂ ರೆಕಾರ್ಡಿನ ಪೆಟ್ಟಿಗೆಯನ್ನೂ ಹಿಂದಿನ ಕೋಣೆಗೆ ಸಾಗಿಸಿದೆ. ಬಡಗಿ ಬಂದು ಹಲಗೆಯನ್ನು ಕಿತ್ತು ಅಲ್ಲಿ ಹೊಡೆದುಕೊಟ್ಟ. "ಹೋದ ತಿಂಗಳೇ ಹೇಳಿದ್ರೆ ಒಂದೇ ಸಲಕ್ಕೆ ಆಗ್ತಿತ್ತಲ್ಲಕ್ಕ" ಎಂದು ಗೊಣಗಿದ. ಹೌದಪ್ಪ, ಎಂದೆ. ಎರಡೂ ಸ್ಪೀಕರ್ ಈಗ ಎದುರು ಗೋಡೆಗೆ ಇವೆ. ಮಂಚದ ಮೇಲೆ ಕೂತರೆ ಡೋಲು ಬಲಗಡೆ, ಕೊಳಲು ಎಡಗಡೆ, ಹಾಡುವವಳು ನಡುವೆ. ಚೆನ್ನಾಗಿದೆ. ಅಷ್ಟು ಚೆನ್ನಾಗಿರುವುದನ್ನು ಒಂದು ಸಲಕ್ಕಿಂತ ಹೆಚ್ಚು ಕೇಳಲು ನನ್ನಿಂದ ಆಗಲಿಲ್ಲ.

ಉಳಿದ ದುಡ್ಡಿಗೆ ಇನ್ನೇನು ಕೊಳ್ಳಬೇಕು ಎಂದು ನೀನು ಬಂದ ಮೇಲೆ ನೋಡೋಣ. ನನಗೆ ತೋಚುತ್ತಿಲ್ಲ. ಅವಳು ಸ್ಟೀರಿಯೋಗೆ ಎಂದು ಬರೆದಾಗ ಏನನ್ನು ನೆನೆಸಿಕೊಂಡಿದ್ದಳೋ. ಮುಂದಿನ ಕೋಣೆಯ ಸ್ಪೀಕರ್ ಕೆಟ್ಟಿದೆ, ಅದಕ್ಕೇ ಅಕ್ಕನಿಗೆ ಕೊಳಲು ಕೇಳಿಸುತ್ತಿಲ್ಲ ಎಂದುಕೊಂಡಿದ್ದಳು ಎಂದು ಒಂದೊಂದು ಹೊತ್ತು ಅನ್ನಿಸುತ್ತದೆ. ಅವಳನ್ನು ಕೇಳದೆ ಇದನ್ನೂ ನಾನೇ ತೀರ್ಮಾನಿಸುವುದು ಬೇಡ.

ಒಂದು ಕೆಲಸ ಮಾತ್ರ ನೀನು ಬರುವುದರೊಳಗೆ ನಾನೇ ಮಾಡಬೇಕು. ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ಕೌಂಟರಿನಲ್ಲಿ ಒಬ್ಬ ಹೆಂಗಸಿದ್ದಳು. ತಂಗಿಯ ಫೈಲು ನೋಡಬೇಕಿತ್ತು ಎಂದೆ.

"ಪೇಷೆಂಟ್ ಬಂದಿದಾರಾ?"

"ಇಲ್ಲ. ತೀರಿಕೊಂಡು ಐದು ತಿಂಗಳು ದಾಟ್ತು."

"ಹೋದವರ ಫೈಲು ಈಗ್ಯಾಕಮ್ಮ?"

"ಅದರಲ್ಲಿ ಒಂದು ತಪ್ಪಿದೆ."

"ಹೆಸರು ತಪ್ಪಿದೆಯಾ? ವಯಸ್ಸಾ?"

ಎರಡೂ ಅಲ್ಲ ಎಂದೆ. ನನ್ನ ಮುಖ ನೋಡಿ ಅವಳು ಒಳಗಿನಿಂದ ಫೈಲು ತಂದು ತಾನೇ ಬಿಡಿಸಿ ಓದಿದಳು. ಡಾಕ್ಟರ ಅಕ್ಷರ ನನಗೆ ಓದಲು ಬರುವುದಿಲ್ಲ. ಇಲ್ಲದ ಶಬ್ದಗಳು ಕೇಳಿಸುತ್ತವೆ, ಅಕ್ಕ ಹೇಳಿದ್ದು, ಎಂದಿದೆಯಂತೆ. ಅಕ್ಕ ಹೇಳಿದ್ದು ಎಂದು ಬೇರೆ ಬರೆದಿದ್ದಾರೆ. ಪುಟ್ಟಿ ಹೇಳಿದ್ದು ಎಲ್ಲೂ ಇಲ್ಲ. ಇದನ್ನು ಹೊಡೆದುಹಾಕಲು ಬರುವುದಿಲ್ಲ, ಡಾಕ್ಟರು ಒಪ್ಪಿದರೆ ಕೆಳಗೆ ಇನ್ನೊಂದು ಸಾಲು ಸೇರಿಸಬಹುದು, ಎಂದಳು ಕೌಂಟರಿನವಳು.

ನೀನು ಜೊತೆಗೆ ಬಂದರೆ ನೀನೇ ಮಾತಾಡುತ್ತೀಯ. ಸ್ಟೀರಿಯೋ, ಎಡ, ಬಲ, ಸ್ವಿಚ್ಚು ಎಂದು ಚೆನ್ನಾಗಿ ವಿವರಿಸುತ್ತೀಯ, ಡಾಕ್ಟರು ತಲೆದೂಗುತ್ತಾರೆ. ತಪ್ಪು ಹೇಳಿದವಳು ನಾನು, ಸರಿ ಹೇಳಬೇಕಾದವಳೂ ನಾನೇ. ಅವರು ಬಯ್ಯಬಹುದು, ನಗಬಹುದು, ಹೋಗಲಿ ಬಿಡಮ್ಮ ಎನ್ನಬಹುದು. ಬರೆದುಕೊಳ್ಳುವವರೆಗೆ ಅಲ್ಲಿಂದ ಏಳುವುದಿಲ್ಲ. ಗುಳಿಗೆಯ ವಿಷಯವನ್ನೂ ಕೇಳುತ್ತೇನೆ. ಏನು ಹೇಳಿದರೂ ಕೇಳಿಸಿಕೊಂಡು ಬರುತ್ತೇನೆ.

ಶನಿವಾರ ನೀನು ಯಾವ ಬಸ್ಸಿಗೆ ಬಂದರೂ ಸೀದಾ ಮೇಲೆ ಬಾ. ಮೆಟ್ಟಿಲ ಮೇಲೆ ನಿಲ್ಲಬೇಡ.

ನಾಳೆ ಬುಧವಾರ. ಡಾಕ್ಟರು ಹತ್ತು ಗಂಟೆಗೆ ಬರುತ್ತಾರೆ. ನನ್ನದು ನಾಲ್ಕನೇ ಚೀಟಿ.

ಅಕ್ಕ